ಮಂಜುಗಡ್ಡೆಗೆ ದಾರಿ ಬಿಡಿಸುವ ಹಡಗುಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಚಳಿದೇಶಗಳ ಕೆಲವು ನದಿಗಳಲ್ಲಿ ವಸಂತಕಾಲದ ನೆರೆಯನ್ನು ತಡೆಯಲು ಹಡಗುಗಳಿಂದ ಮಂಜುಗಡ್ಡೆ ಒಡೆಸುವ ಪದ್ಧತಿ ಇದೆ. ಆ ವಿಷಯವಾಗಿ ಬಂದ ಪತ್ರಗಳಿಗೆ ಈ ಸಂಚಿಕೆಯ ಪ್ರಶ್ನೋತ್ತರವನ್ನು ಪೂರ್ತಿಯಾಗಿ ಮೀಸಲಿಟ್ಟಿದ್ದೇನೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿಕೊಂಡಿದ್ದೇನೆ.

ಪ್ರಶ್ನೆ: ಮಗಳ ಮನೆಗೆಂದು ಬರ್ಲಿನ್‌ಗೆ ಹೋಗಿದ್ದಾಗ, ಜರ್ಮನಿ ಮತ್ತು ಪೋಲೆಂಡಿನ ಗಡಿಯಲ್ಲಿ ಹರಿಯುವ ಓಡರ್ ನದಿಯ ಮಂಜುಗಡ್ಡೆಯನ್ನು ಹಡಗುಗಳು ಒಡೆಯುತ್ತಿರುವುದನ್ನು ಟೀವಿಯಲ್ಲಿ ನೋಡಿದೆ. ನೆರೆ ಬಾರದಿರಲೆಂದು ಹೀಗೆ ಮಾಡುತ್ತಾರೆ ಎಂದು ಅಳಿಯ ಹೇಳಿದರು. ಬಿಸಿಲೇರಿದರೆ ತಾನಾಗಿಯೇ ಕರಗುವ ಗಡ್ಡೆಯನ್ನು ಒಡೆಯುವುದೇಕೆ? ಒಡೆದ ಮಾತ್ರಕ್ಕೆ ನದಿಯಲ್ಲಿರುವ ನೀರು ಕಡಿಮೆಯಾಗುವುದಿಲ್ಲವಲ್ಲ? (ಧಾರವಾಡ)

ಉತ್ತರ: ನೀರು ಕಡಿಮೆಯಾಗುವುದಿಲ್ಲ ಎಂಬ ನಿಮ್ಮ ಮಾತು ಸರಿ. ಆದರೆ ಈ ಬಗೆಯ ನೆರೆಗೆ ನೀರು ಹೆಚ್ಚಾಗಿರಬೇಕೆಂದೇನೂ ಇಲ್ಲ. ನದಿಯಲ್ಲಿ ಸಾಧಾರಣ ಹರಿವು ಇರುವಾಗಲೂ ಗಡ್ಡೆಗಳು ಒಂದೆಡೆ ಸಿಕ್ಕಿಕೊಂಡು ನೀರಿನ ದಾರಿಯನ್ನು ಮುಚ್ಚಿದರೆ, ಅದರ ಹಿಂದಿನ ನೀರು ಕೆಲವೇ ಗಂಟೆಗಳಲ್ಲಿ ಹಲವು ಅಡಿ ಮೇಲೆದ್ದು ದಡದ ಮಣ್ಣಿನ ಏರಿಯನ್ನು ದಾಟಬಲ್ಲದು. ಮಲೆನಾಡಿನಲ್ಲಿ ಮಳೆಗಾಲದ ಹಳ್ಳವೊಂದು ಸಂಕದ ಕಂಡಿಗೆ ಸಿಕ್ಕಿಕೊಂಡ ಮರದ ದಿಮ್ಮಿಗಳಿಂದಾಗಿ ಪಕ್ಕದ ಗದ್ದೆಗೆ ನುಗ್ಗುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವ್ಯತ್ಯಾಸವೆಂದರೆ ಅಲ್ಲಿ ದಿಮ್ಮಿಗಳ ಬದಲು ಇಡೀ ನದಿಯ ಮೇಲ್ಮೈಯೇ ಕಳಚಿಕೊಂಡು ಬರುತ್ತದೆ.

ತಾನಾಗಿ ಕರಗಲಿ ಎಂದು ಕಾಯುವುದೇಕೆ ಕಷ್ಟವೆಂದರೆ, ಮಂಜುಗಡ್ಡೆ ಬಹಳ ಹಟಮಾರಿ ವಸ್ತು. ಸೊನ್ನೆ ಡಿಗ್ರಿಯ ಒಂದು ಕಿಲೋ ಗಡ್ಡೆಯನ್ನು ಸೊನ್ನೆ ಡಿಗ್ರಿಯ ನೀರಾಗಿಸಲು 334 ಕಿಲೋಜೌಲ್ ಶಾಖ ಬೇಕು. ಅಷ್ಟೇ ಶಾಖದಿಂದ ಒಂದು ಕಿಲೋ ನೀರನ್ನು ಸೊನ್ನೆಯಿಂದ ಸುಮಾರು 80 ಡಿಗ್ರಿಯವರೆಗೆ ಕಾಯಿಸಬಹುದು. ಹೀಗಾಗಿ ಗಾಳಿ ಬೆಚ್ಚಗಾಗಿ ಬೆಟ್ಟದ ಹಿಮ ನೀರಾಗಿ ನದಿಗೆ ಇಳಿಯತೊಡಗಿದಾಗಲೂ ನದಿಯ ಮೇಲಿನ ಗಡ್ಡೆ ಇನ್ನೂ ಗಟ್ಟಿಯಾಗಿಯೇ ಇರಬಹುದು. ಏರುವ ನೀರು ಅದನ್ನು ಕೆಳಗಿನಿಂದ ಎತ್ತಿ, ದಡದಿಂದ ಬಿಡಿಸಿ, ದೊಡ್ಡ ದೊಡ್ಡ ಹಲಗೆಗಳಾಗಿ ಒಡೆದು ಹೊತ್ತುಕೊಂಡು ಹೋಗುತ್ತದೆ. ತಿರುವಿನಲ್ಲಿ, ಸೇತುವೆಯ ಕಂಬಗಳ ನಡುವೆ, ಆಳ ಕಡಿಮೆ ಇರುವಲ್ಲಿ ಅಥವಾ ಮುಂದೆ ಇನ್ನೂ ಒಡೆಯದ ಹೊದಿಕೆ ಇರುವಲ್ಲಿ ಮೊದಲ ಹಲಗೆ ನಿಲ್ಲುತ್ತದೆ, ಎರಡನೆಯದು ಅದರಡಿಗೆ ನುಸುಳುತ್ತದೆ, ಮೂರನೆಯದು ಮೇಲೇರುತ್ತದೆ. ತೇಲುವ ಗಡ್ಡೆಯ ಹತ್ತರಲ್ಲಿ ಒಂಬತ್ತು ಪಾಲು ನೀರಿನೊಳಗೇ ಇರುವುದರಿಂದ ದಡದಲ್ಲಿ ನಿಂತವರಿಗೆ ರಾಶಿ ಚಿಕ್ಕದಾಗಿ ಕಂಡರೂ ಒಳಗೆ ಅದು ತಳದತ್ತ ಚಾಚಿರುತ್ತದೆ. ನೀರಿಗೆ ಉಳಿಯುವ ಸಂದು ಕಿರಿದಾಗುವುದರ ಜೊತೆಗೆ, ಗಡ್ಡೆರಾಶಿಯ ಒರಟಾದ ತಳವು ಆ ನೀರನ್ನು ಮೇಲಿನಿಂದಲೂ ತಡೆದು ನಿಧಾನಗೊಳಿಸುತ್ತದೆ.

ಓಡರ್‌ನ ಪಾಲಿಗೆ ಇನ್ನೊಂದು ತೊಡಕಿದೆ. ಅದು ಚೆಕ್ ದೇಶದಲ್ಲಿ ಹುಟ್ಟಿ ಉತ್ತರಕ್ಕೆ ಹರಿದು ಬಾಲ್ಟಿಕ್ ಸಮುದ್ರದ ಕಡೆ ಹೋಗುತ್ತದೆ. ದಕ್ಷಿಣದ ಮೇಲ್ಭಾಗದಲ್ಲಿ ಹಿಮ ಕರಗಿ ನೀರು ಹೊರಟ ಹೊತ್ತಿಗೆ ಉತ್ತರದ ಕೆಳಭಾಗ ಇನ್ನೂ ಹೆಪ್ಪುಗಟ್ಟಿಯೇ ಇರುವುದುಂಟು. 1947ರ ಮಾರ್ಚ್ ತಿಂಗಳಲ್ಲಿ ಕಠಿಣ ಚಳಿಗಾಲವೊಂದು ಮುಗಿಯುತ್ತಿದ್ದಾಗ ಗಡ್ಡೆಗಳು ಹೀಗೆಯೇ ಕಟ್ಟಿಕೊಂಡು, ರೈಟ್‌ವೈನ್ ಎಂಬ ಹಳ್ಳಿಯ ಬಳಿ ಏರಿ ಒಡೆಯಿತು. ಏರಿಯ ಹಿಂದಿದ್ದದ್ದು ಓಡರ್‌ಬ್ರುಖ್ ಎಂಬ ತಗ್ಗು ಬಯಲು; ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್ 1747ರಿಂದ 1753ರವರೆಗೆ ಕಾಲುವೆ ತೋಡಿಸಿ ಜೌಗನ್ನು ಬಸಿಸಿ ಒಕ್ಕಲುಗಳನ್ನು ಕೂರಿಸಿದ ನೆಲ ಅದು. ಯುದ್ಧದಲ್ಲಿ ಊರು ಕಳೆದುಕೊಂಡು ಎರಡು ವರ್ಷವೂ ಆಗಿರದ ಜನ ಮತ್ತೊಮ್ಮೆ ಎಲ್ಲವನ್ನೂ ಕಳೆದುಕೊಂಡರು; ಮನೆಯಿಲ್ಲದವರಾದವರ ಸಂಖ್ಯೆ ಸುಮಾರು 20,000. ನಿಮ್ಮ ಅಳಿಯ ಟೀವಿಯಲ್ಲಿ ತೋರಿಸಿದ ಹಡಗುಗಳು ಏಕೆ ಅಷ್ಟು ಮುಖ್ಯವೆಂದು ಆ ಬಯಲಿನ ಹಳ್ಳಿಗಳಲ್ಲಿ ಯಾರನ್ನೂ ಕೇಳಬೇಕಾಗಿಲ್ಲ.

ಪ್ರಶ್ನೆ: ಮೇಲ್ಭಾಗದಲ್ಲಿ ಮೊದಲು ಕರಗುತ್ತದೆ ಎಂದಾದರೆ ಹಡಗುಗಳು ಮೇಲ್ಭಾಗದಿಂದಲೇ ಒಡೆಯುತ್ತಾ ಬರಬೇಕಲ್ಲವೇ? ಹರಿವಿನ ಜೊತೆಗೆ ಬಂದರೆ ಇಂಧನವೂ ಉಳಿಯುತ್ತದೆ. (ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿನಿ)

ಉತ್ತರ: ಇಂಧನದ ಲೆಕ್ಕ ಸರಿಯಿರಬಹುದು, ಆದರೆ ಹಾಗೆ ಮಾಡಿದರೆ ಹಡಗುಗಳೇ ನೆರೆಯನ್ನು ತಂದಂತಾಗುತ್ತದೆ. ಒಡೆದ ತುಂಡುಗಳಿಗೆ ಹೋಗಲು ಜಾಗ ಬೇಕು. ಮೇಲಿನಿಂದ ಒಡೆದರೆ ಅವೆಲ್ಲ ಹರಿವಿನ ಜೊತೆ ಇಳಿದು ಕೆಳಗಿನ ಒಡೆಯದ ಹೊದಿಕೆಗೆ ಢಿಕ್ಕಿ ಹೊಡೆದು ಅಲ್ಲಿಯೇ ಕಟ್ಟೆ ಕಟ್ಟುತ್ತವೆ. ಆದ್ದರಿಂದ ಕೆಲಸ ಯಾವಾಗಲೂ ನದಿ ಹೋಗಿ ಸೇರುವ ತುದಿಯಿಂದ ಆರಂಭವಾಗಿ ಹರಿವಿಗೆ ಎದುರಾಗಿ ಸಾಗುತ್ತದೆ. ಹಡಗುಗಳ ಬಲವೆಷ್ಟು, ಸಂಖ್ಯೆ ಎಷ್ಟು ಎಂಬುದೆಲ್ಲ ಈ ಒಂದು ನಿಯಮದ ನಂತರದ ಮಾತು. ಈ ಇಡೀ ವಿಷಯದಲ್ಲಿ ಓದುಗರು ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಲಿ ಎಂಬುದು ನನ್ನ ಆಸೆ: ಹಿಮಭಂಜಕ ನೌಕೆ ಗಡ್ಡೆಯನ್ನು ನಾಶ ಮಾಡುವುದಿಲ್ಲ, ಅದು ಹೊರಡುವ ಮೊದಲೇ ಅದಕ್ಕೆ ದಾರಿ ತೆರೆದಿಡುತ್ತದೆ.

ಓಡರ್‌ನಲ್ಲಿ ಈ ಕೆಲಸ ನಡೆಯುವ ಕ್ರಮವನ್ನೇ ನೋಡೋಣ. ನದಿ ತನ್ನ ಕೊನೆಯಲ್ಲಿ ಪೋಲೆಂಡಿನ ಶ್ಚೆಚಿನ್ ನಗರದ ಬಳಿ ಕವಲೊಡೆಯುತ್ತದೆ. ರೆಗಾಲಿತ್ಸಾ ಎಂಬ ಪೂರ್ವದ ಕವಲು ದೊಂಬ್ಯೆ ಎಂಬ ವಿಶಾಲವಾದ ಸರೋವರಕ್ಕೆ ಬೀಳುತ್ತದೆ. ಹಡಗುಗಳು ಮೊದಲು ಒಡೆಯುವುದು ನದಿಯನ್ನಲ್ಲ, ಈ ಸರೋವರದ ಹೊದಿಕೆಯನ್ನು. ಮೇಲಿನಿಂದ ನೂರಾರು ಕಿಲೋಮೀಟರು ಉದ್ದದ ಗಡ್ಡೆ ಇಳಿದುಬಂದಾಗ ಹಿಡಿದುಕೊಳ್ಳಲು ಬುಟ್ಟಿ ಖಾಲಿ ಇರಬೇಕು ಎಂಬುದೇ ಇದರ ಅರ್ಥ. ಸರೋವರದಲ್ಲಿ ತೆರವಾದ ನೀರು ಸಿಕ್ಕ ಮೇಲೆ ರೆಗಾಲಿತ್ಸಾ, ಆಮೇಲೆ ಎರಡೂ ದೇಶಗಳ ಗಡಿಯಾಗಿ ಹರಿಯುವ ಸುಮಾರು 160 ಕಿಲೋಮೀಟರಿನ ಭಾಗ, ಹೀಗೆ ಮೇಲೆ ಮೇಲೆ ಹೋಗುತ್ತಾರೆ. ಪೋಲೆಂಡಿನ ಜಲ ಆಡಳಿತದ ಶ್ಚೆಚಿನ್ ಕಚೇರಿ ಮತ್ತು ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿರುವ ಜಲಮಾರ್ಗ ಕಚೇರಿ ತಮ್ಮ ತಮ್ಮ ಹಡಗುಗಳನ್ನು ಒಂದೇ ಪಡೆಯಾಗಿ ಕೂಡಿಸಿ ಕೆಲಸ ಮಾಡಿಸುತ್ತವೆ. ಒಂದು ಕಾಲಕ್ಕೆ ಇದೇ ದಡಗಳಲ್ಲಿ ಎದುರುಬದುರು ಕಾದಾಡಿದ ಎರಡು ದೇಶಗಳ ನಾವಿಕರು ಒಂದೇ ಆದೇಶದಡಿ ಒಂದೇ ಗಡ್ಡೆಯನ್ನು ಒಡೆಯುವುದನ್ನು ನೆನೆದಾಗ ನನಗೆ ಪ್ರತಿ ಸಲವೂ ಸಂತೋಷವಾಗುತ್ತದೆ. ಗಡಿರೇಖೆ ನದಿಯ ನಡುವೆ ಎಳೆದಿದ್ದರೂ ಗಡ್ಡೆಯನ್ನು ಅರ್ಧ ಮಾತ್ರ ಒಡೆಯಲು ಬರುವುದಿಲ್ಲ.

ಹಡಗುಗಳಲ್ಲಿಯೂ ಎರಡು ಬಗೆಯ ಕೆಲಸವಿದೆ. ಮುಂಚೂಣಿಯ ಹಡಗು ಗಟ್ಟಿ ಹೊದಿಕೆಯನ್ನು ಸೀಳುತ್ತದೆ. ಅದರ ಹಿಂದೆ ನದಿಯುದ್ದಕ್ಕೂ ಅಲ್ಲಲ್ಲಿ ಹಂಚಿಕೊಂಡಿರುವ ಇತರ ಹಡಗುಗಳು ಹಿಂದಕ್ಕೂ ಮುಂದಕ್ಕೂ ಓಡಾಡುತ್ತಾ ದೊಡ್ಡ ಹಲಗೆಗಳನ್ನು ಇನ್ನಷ್ಟು ಚಿಕ್ಕದಾಗಿಸುತ್ತವೆ, ತಿರುವಿನಲ್ಲಿ ಸಿಕ್ಕಿಕೊಂಡವನ್ನು ಬಿಡಿಸುತ್ತವೆ, ತುಂಡುಗಳು ನಿಲ್ಲದೆ ಸಾಗುತ್ತಿರುವಂತೆ ನೋಡಿಕೊಳ್ಳುತ್ತವೆ. ಹೊಗಳಿಕೆ ಸಿಗುವುದು ಮುಂಚೂಣಿಯ ಹಡಗಿಗಾದರೂ ಹಿಂದಿನವರ ಕೆಲಸ ನಿಂತರೆ ಮುಂದಿನವರ ಶ್ರಮವೆಲ್ಲ ಹಿಂದೆ ಹೊಸ ಕಟ್ಟೆಯಾಗಿ ಬೆಳೆಯುತ್ತದೆ.

ಸಮಯದ ಆಯ್ಕೆಯೂ ಸುಲಭವಲ್ಲ. ಕಡು ಚಳಿಯಲ್ಲಿ ಒಡೆದರೆ ತುಂಡುಗಳ ನಡುವಿನ ನೀರು ರಾತ್ರಿಯಲ್ಲಿ ಮತ್ತೆ ಹೆಪ್ಪುಗಟ್ಟಿ, ಮೊದಲಿಗಿಂತ ದಪ್ಪವಾದ, ಒರಟಾದ ಹೊದಿಕೆ ತಯಾರಾಗುತ್ತದೆ. ತಡ ಮಾಡಿದರೆ ನದಿಯೇ ಒಡೆದುಕೊಂಡು ಹೊರಡುತ್ತದೆ. ಹಗಲು ಬೆಚ್ಚಗಾಗುತ್ತಿರಬೇಕು, ತುಂಡುಗಳನ್ನು ಹೊತ್ತೊಯ್ಯಲು ಸಾಕಷ್ಟು ಹರಿವು ಇರಬೇಕು, ಜೊತೆಗೆ ಗಾಳಿಯ ದಿಕ್ಕು ಕೂಡಿಬರಬೇಕು. ಓಡರ್‌ನ ಕೊನೆಯ ಭಾಗ ಎಷ್ಟು ಸಮತಟ್ಟೆಂದರೆ ಉತ್ತರದ ಗಾಳಿ ಬಲವಾಗಿ ಬೀಸಿದಾಗ ಸಮುದ್ರದ ಕಡೆಯಿಂದ ನೀರು ನದಿಯೊಳಕ್ಕೆ ಹಿಮ್ಮೆಟ್ಟಿ ಬರುತ್ತದೆ. ಆಗ ಗಡ್ಡೆ ಹೊರಹೋಗದೆ ನಿಂತುಬಿಡುತ್ತದೆ, ಹಡಗುಗಳೂ ಕಾಯಬೇಕಾಗುತ್ತದೆ.

ಪ್ರಶ್ನೆ: ಹಡಗು ಗಡ್ಡೆಯನ್ನು ಕೊಡಲಿಯಂತೆ ಸೀಳುತ್ತದೆಯೇ, ಸುತ್ತಿಗೆಯಂತೆ ಜಜ್ಜುತ್ತದೆಯೇ? ಆಳವಿಲ್ಲದ ನದಿಯಲ್ಲಿ ಅಷ್ಟು ಭಾರದ ಹಡಗು ಹೇಗೆ ತೇಲುತ್ತದೆ? (ತುಮಕೂರು, ದಾವಣಗೆರೆ)

ಉತ್ತರ: ಎರಡೂ ಅಲ್ಲ. ಹೆಚ್ಚಿನವು ಗಡ್ಡೆಯ ಮೇಲೆ ಹತ್ತಿ ಕೂರುತ್ತವೆ. ಮಂಜುಗಡ್ಡೆ ಅದುಮಿದಾಗ ಬಲವಾಗಿ ತಡೆದುಕೊಳ್ಳುತ್ತದೆ, ಬಾಗಿಸಿದಾಗ ಬೇಗ ಮುರಿಯುತ್ತದೆ. ಅದಕ್ಕಾಗಿ ಹಿಮಭಂಜಕದ ಮೂತಿಯನ್ನು ನೇರವಾಗಿ ಚೂಪಾಗಿಸದೆ, ಚಮಚದ ಬೆನ್ನಿನಂತೆ ಮುಂದಕ್ಕೆ ಓರೆಯಾಗಿ ಮೇಲೆದ್ದಿರುವಂತೆ ಕಟ್ಟುತ್ತಾರೆ. ಎಂಜಿನ್ ತಳ್ಳಿದಾಗ ಮೂತಿ ಗಡ್ಡೆಯ ಅಂಚಿನ ಮೇಲೆ ಜಾರಿ ಏರುತ್ತದೆ. ಏರಿದ ಭಾಗದ ತೂಕಕ್ಕೆ ಗಡ್ಡೆ ಕೆಳಕ್ಕೆ ಬಾಗಿ ಮುರಿಯುತ್ತದೆ. ಕೆಲವು ಹಡಗುಗಳಲ್ಲಿ ಒಡಲನ್ನೇ ತೂಗಾಡಿಸುವ ಯಂತ್ರವಿರುತ್ತದೆ. ಹಡಗು ಗಡ್ಡೆಯಲ್ಲಿ ಸಿಕ್ಕಿಕೊಂಡಾಗ ಬಿಡಿಸಿಕೊಳ್ಳಲೂ ಅಕ್ಕಪಕ್ಕದ ಗಡ್ಡೆಯನ್ನು ಬಿರುಕು ಬಿಡಿಸಲೂ ಆ ತೂಗಾಟ ಸಹಾಯಕ.

ಆಳದ ಪ್ರಶ್ನೆಯೇ ನದಿಯ ಹಿಮಭಂಜಕಗಳನ್ನು ಸಮುದ್ರದವುಗಳಿಂದ ಬೇರೆ ಮಾಡುವುದು. ಧ್ರುವಸಮುದ್ರದ ಹಡಗು ಎಷ್ಟು ಮುಳುಗಿದರೂ ತೊಂದರೆಯಿಲ್ಲ, ಆದರೆ ಓಡರ್‌ನಂಥ ನದಿಯಲ್ಲಿ ಮರಳುದಿಣ್ಣೆಗಳ ಮೇಲೆ ಹಾಯಬೇಕು. ಅಲ್ಲಿ ಹಿಮಭಂಜಕಗಳು ಸುರಕ್ಷಿತವಾಗಿ ಸಾಗಲು ಕನಿಷ್ಠ 1.8 ಮೀಟರ್ ಆಳ ಬೇಕೆಂದು ಲೆಕ್ಕ ಹಾಕಿದ್ದಾರೆ. ಹೆಚ್ಚು ಮುಳುಗದೆ ಹೆಚ್ಚು ತೂಕವನ್ನು ಹೊರಬೇಕಾದ್ದರಿಂದ ಅವನ್ನು ಅಗಲವಾಗಿ ಕಟ್ಟುತ್ತಾರೆ. ಹಡಗಿನ ಎತ್ತರಕ್ಕೂ ಮಿತಿಯುಂಟು: ನೆರೆಯ ಹೊತ್ತಿನಲ್ಲಿ ನೀರು ಮೇಲೇರಿದಾಗ ಸೇತುವೆಗಳ ಕೆಳಗಿನ ಜಾಗ ಇನ್ನೂ ಕಡಿಮೆಯಾಗುತ್ತದೆ. ಶ್ಚೆಚಿನ್ ಬಳಿಯ ಪೊದ್ಯುಖಿಯಲ್ಲಿ ರೆಗಾಲಿತ್ಸಾ ಮೇಲಿನ ಹಳೆಯ ರೈಲು ಸೇತುವೆ ಇಂಥದೇ ಕುತ್ತಿಗೆಯಾಗಿತ್ತು. ನೀರು ಏರಿದಾಗ ಹಿಮಭಂಜಕಗಳು ಅದರ ಕೆಳಗೆ ಹೋಗಲು ಪಾಡುಪಡಬೇಕಾಗಿದ್ದರಿಂದ ಅಲ್ಲಿ ಎತ್ತರದ ಹೊಸ ಸೇತುವೆಯನ್ನು ನೆರೆ ತಡೆಯುವ ಯೋಜನೆಯ ಭಾಗವಾಗಿಯೇ ಕೈಗೆತ್ತಿಕೊಂಡರು. ನೆರೆ ತಡೆಯುವ ಹಣದಲ್ಲಿ ರೈಲು ಸೇತುವೆ ಕಟ್ಟುವುದೇನು ಎಂದು ಕೇಳುವವರಿಗೆ ಇದೇ ಉತ್ತರ.

ಈ ಹಡಗುಗಳಿಗೆ ಬಲಶಾಲಿ ಪ್ರಾಣಿಗಳ ಹೆಸರಿಡುವ ರೂಢಿಯನ್ನು ಗಮನಿಸಬೇಕು. ಓಡರ್‌ನಲ್ಲಿ ಕಾಡುಹಂದಿ ಎಂಬ ಅರ್ಥದ 'ಜಿಕ್', ಒಂಟಿ ಗಂಡು ಹಂದಿ ಎಂಬ ಅರ್ಥದ 'ಒದಿನ್ಯೆತ್ಸ್' ಇವೆ. ಜರ್ಮನಿಯ ಎಲ್ಬೆ ನದಿಯಲ್ಲಿ ಕೋಣದ ಹೆಸರಿನ 'ಬ್ಯುಫೆಲ್', ಕಾಡೆಮ್ಮೆಯ ಜಾತಿಗೆ ಸೇರಿದ 'ವೀಜೆಂಟ್' ಕೆಲಸ ಮಾಡಿವೆ. ತಲೆ ತಗ್ಗಿಸಿ ನುಗ್ಗುವ ಪ್ರಾಣಿಗಳನ್ನೇ ಆರಿಸಿದವರು ಹಡಗು ಕೆಲಸ ಮಾಡುವುದನ್ನು ಚೆನ್ನಾಗಿ ನೋಡಿದ್ದಾರೆ.

ಹಡಗು ಹೋಗಲಾರದಷ್ಟು ಆಳ ಕಡಿಮೆ ಇರುವಲ್ಲಿ ಕೆನಡಾದ ಕರಾವಳಿ ಕಾವಲು ಪಡೆ ಗಾಳಿಯ ದಿಂಬಿನ ಮೇಲೆ ತೇಲುವ ಹೋವರ್‌ಕ್ರಾಫ್ಟ್‌ಗಳನ್ನು ಬಳಸುತ್ತದೆ. ಸೇಂಟ್ ಲಾರೆನ್ಸ್ ನದಿಯ ದಡದ ತ್ರ್ವಾ-ರಿವ್ಯೇರ್ ಪಟ್ಟಣದಲ್ಲಿ 'ಸಿಪು ಮುಯಿನ್', 'ಮಾಮಿಲೊಸ್ಸಾ' ಎಂಬ ಎರಡು ವಾಹನಗಳಿವೆ. ದೊಡ್ಡ ನದಿಗೆ ಸೇರುವ ಚಿಕ್ಕ ನದಿಗಳ ಬಾಯಿ ಬಿಡಿಸುವುದು ಅವುಗಳ ವಸಂತಕಾಲದ ಕೆಲಸ. ಇವು ಗಡ್ಡೆಯನ್ನು ತೂಕದಿಂದ ಅದುಮುವ ವಾಹನಗಳಲ್ಲ. ನಿಧಾನವಾಗಿ ಅಂಚಿಗೆ ಬಂದಾಗ ದಿಂಬಿನ ಗಾಳಿ ಗಡ್ಡೆಯ ಕೆಳಗೆ ನುಗ್ಗಿ ಅಲ್ಲಿನ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಆಧಾರ ತಪ್ಪಿದ ಗಡ್ಡೆ ತನ್ನ ತೂಕಕ್ಕೆ ತಾನೇ ಮುರಿದು ಬೀಳುತ್ತದೆ. ಗಡ್ಡೆಯ ಮೇಲೆಯೇ ತಕ್ಕ ವೇಗದಲ್ಲಿ ಓಡಿದಾಗ ಅದರಡಿಯ ನೀರಿನಲ್ಲಿ ಅಲೆಯೊಂದು ಏಳುತ್ತದೆ. ಆ ಅಲೆ ಗಡ್ಡೆಯನ್ನು ಮೇಲೆ ಕೆಳಗೆ ಬಾಗಿಸಿ ಮುರಿಯುತ್ತದೆ. ಮೊದಲಿಗೆ ಯಾರೂ ಇದನ್ನು ಲೆಕ್ಕ ಹಾಕಿ ಕಂಡುಹಿಡಿಯಲಿಲ್ಲ. 1970ರ ದಶಕದಲ್ಲಿ ಬೇರೆ ಕೆಲಸಕ್ಕೆಂದು ಗಡ್ಡೆಯ ಮೇಲೆ ಇಂಥ ವಾಹನಗಳನ್ನು ಪರೀಕ್ಷಿಸುವಾಗ ಗಡ್ಡೆ ಒಡೆಯುವುದು ಕಂಡುಬಂತು.

ಪ್ರಶ್ನೆ: ಹಡಗು ಕಟ್ಟಿ, ಸಿಬ್ಬಂದಿ ಸಾಕಿ, ವರ್ಷವಿಡೀ ಕಾಯುವುದಕ್ಕಿಂತ ಡೈನಮೈಟ್ ಇಟ್ಟು ಸ್ಫೋಟಿಸುವುದು ಸುಲಭವಲ್ಲವೇ? (ಬಳ್ಳಾರಿ)

ಉತ್ತರ: ಸ್ಫೋಟಿಸುವವರೂ ಇದ್ದಾರೆ. ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ರೀಡೋ ನದಿಯ ಕೆಳಭಾಗವನ್ನು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಚಳಿಗಾಲದ ಕೊನೆಯಲ್ಲಿ ಸಿಡಿಮದ್ದಿನಿಂದ ಬಿಡಿಸುತ್ತಾ ಬಂದಿದ್ದಾರೆ. ಮೊದಲು ಗಡ್ಡೆಯಲ್ಲಿ ಗರಗಸದಿಂದ ಗೀರು ಕೊರೆದು, ನದಿ ಒಟ್ಟಾವಾ ನದಿಗೆ ಧುಮುಕುವ ಜಲಪಾತದ ಕಡೆಯಿಂದ ಆರಂಭಿಸಿ ಮೇಲ್ಮೊಗವಾಗಿ ಸಾಗುತ್ತಾರೆ. ಸಾಧನ ಬೇರೆಯಾದರೂ ಕ್ರಮ ಅದೇ ಎಂಬುದನ್ನು ಗಮನಿಸಿ. ನದಿ ಚಿಕ್ಕದು, ಜಾಗ ಗೊತ್ತಿರುವುದು, ತುಂಡುಗಳು ಬೀಳಲು ಜಲಪಾತವೇ ಇರುವುದು ಎಂಬ ಕಾರಣಗಳಿಂದ ಅಲ್ಲಿ ಅದು ನಡೆಯುತ್ತದೆ.

ಕಟ್ಟೆ ಕಟ್ಟಿಕೊಂಡ ಮೇಲೆ ಸಿಡಿಸಲು ಹೊರಡುವುದು ಮಾತ್ರ ಬೇರೆಯದೇ ಕಥೆ. 2001ರ ಮೇ ತಿಂಗಳಲ್ಲಿ ಸೈಬೀರಿಯಾದ ಲೇನಾ ನದಿ, ಅದೂ ಉತ್ತರಕ್ಕೇ ಹರಿಯುವ ನದಿ, ಲೆನ್ಸ್ಕ್ ಪಟ್ಟಣದ ಬಳಿ ಗಡ್ಡೆಯಿಂದ ಮುಚ್ಚಿಹೋದಾಗ ರಷ್ಯಾ ಬಾಂಬರ್ ವಿಮಾನಗಳನ್ನು ಕಳುಹಿಸಿತು. ಬಾಂಬುಗಳು ಬಿದ್ದರೂ ಪಟ್ಟಣದ ಬಹುಭಾಗ ಮುಳುಗಿತು. ಆ ಮೇಲೆ ಅದನ್ನು ಬಹುಮಟ್ಟಿಗೆ ಹೊಸದಾಗಿಯೇ ಕಟ್ಟಬೇಕಾಯಿತು. ಚೀನಾದ ಹಳದಿ ನದಿ ಒಳ ಮಂಗೋಲಿಯಾದ ಕಡೆಗೆ ಉತ್ತರಾಭಿಮುಖವಾಗಿ ತಿರುಗುವ ಭಾಗದಲ್ಲಿಯೂ ವಿಮಾನಗಳಿಂದ ಬಾಂಬು ಹಾಕಿದ ಉದಾಹರಣೆಗಳಿವೆ. ಸ್ಫೋಟ ಒಂದು ಗುಂಡಿಯನ್ನು ಮಾಡಬಲ್ಲದು; ಚೂರುಗಳು ಸಾಗಿಹೋಗಲು ಕೆಳಗೆ ದಾರಿ ಇಲ್ಲದಿದ್ದರೆ ಗುಂಡಿ ಮತ್ತೆ ತುಂಬಿಕೊಳ್ಳುತ್ತದೆ. ಹಡಗಾದರೋ ಒಡೆದ ಜಾಗದಲ್ಲಿಯೇ ಇದ್ದು ತುಂಡುಗಳನ್ನು ಅಟ್ಟುತ್ತಿರಬಲ್ಲದು.

ಹಡಗೂ ಇಲ್ಲದೆ, ಸಿಡಿಮದ್ದೂ ಇಲ್ಲದೆ ಮಾಡುವ ಸಮಾಧಾನದ ಉಪಾಯಗಳಿವೆ. ರಷ್ಯಾದಲ್ಲಿ ಗಡ್ಡೆಯ ಮೇಲೆ ಕಲ್ಲಿದ್ದಲ ಪುಡಿ ಅಥವಾ ಮರಳನ್ನು ಎರಚಿ ಕಪ್ಪಾಗಿಸುತ್ತಾರೆ. ಕಪ್ಪು ಮೇಲ್ಮೈ ಬಿಸಿಲನ್ನು ಹೀರಿ ಬೇಗ ಮೆತ್ತಗಾಗುತ್ತದೆ. ಫಿನ್‌ಲೆಂಡಿನಲ್ಲಿ ಯಂತ್ರದ ಗರಗಸಗಳಿಂದ ಉದ್ದಕ್ಕೂ ಕೊಯ್ದಿಡುತ್ತಾರೆ. ನದಿಗೆ ಹಡಗು ತರಲಾಗದ ದೂರದ ಊರುಗಳಿಗೆ ಇವು ತಕ್ಕವು.

ಪ್ರಶ್ನೆ: ನಾವು ಕೆನಡಾದ ವಿನ್ನಿಪೆಗ್‌ನಲ್ಲಿ ನೆಲೆಸಿದ್ದೇವೆ. ನಗರವನ್ನು ಕಾಪಾಡಲು ಫ್ಲಡ್‌ವೇ ಎಂಬ ದೊಡ್ಡ ಕಾಲುವೆ ಇದ್ದರೂ ಪ್ರತಿ ಫೆಬ್ರವರಿಯಲ್ಲಿ ಉತ್ತರದ ಸೆಲ್ಕರ್ಕ್ ಕಡೆ ವಿಚಿತ್ರ ಯಂತ್ರಗಳು ಗಡ್ಡೆಯ ಮೇಲೆ ತೆವಳುತ್ತಾ ಅದನ್ನು ಒಡೆಯುತ್ತವೆ. ಕಾಲುವೆ ಸಾಲದೇ? (ವಿನ್ನಿಪೆಗ್‌ನ ಕನ್ನಡ ಕುಟುಂಬ)

ಉತ್ತರ: ಕಾಲುವೆ ನಿಮ್ಮನ್ನು ಕಾಪಾಡುತ್ತದೆ, ಸೆಲ್ಕರ್ಕ್ ಜನರನ್ನಲ್ಲ. 1950ರ ದೊಡ್ಡ ನೆರೆಯ ನಂತರ, ಪ್ರಾಂತ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂಥ ಸ್ಥಾನ) ಆಗಿದ್ದ ಡಫ್ ರಾಬ್ಲಿನ್ ಅವರ ಹಟದಿಂದ ಮ್ಯಾನಿಟೋಬಾ ಪ್ರಾಂತ್ಯ ಕಟ್ಟಿಸಿ 1968ರಲ್ಲಿ ಮುಗಿಸಿದ ಆ 47 ಕಿಲೋಮೀಟರ್ ಉದ್ದದ ಕಾಲುವೆ ರೆಡ್ ನದಿಯ ಹೆಚ್ಚಿನ ನೀರನ್ನು ನಗರದ ಪೂರ್ವಕ್ಕೆ ಸುತ್ತಿಸಿ, ಲಾಕ್‌ಪೋರ್ಟ್ ಬಳಿ ಮತ್ತೆ ಅದೇ ನದಿಗೆ ಬಿಡುತ್ತದೆ. ಸೆಲ್ಕರ್ಕ್ ಅದಕ್ಕಿಂತ ಕೆಳಗಿದೆ. ರೆಡ್ ನದಿಯೂ ಅಮೆರಿಕದಿಂದ ಉತ್ತರಕ್ಕೆ ಹರಿಯುತ್ತದೆ. ದಕ್ಷಿಣದ ಉತ್ತರ ಡಕೋಟಾ ಮತ್ತು ಮಿನ್ನೆಸೋಟದ ಹಿಮ ಕರಗಿ ಬರುವ ಹೊತ್ತಿಗೆ ನದಿ ಸೇರುವ ವಿನ್ನಿಪೆಗ್ ಸರೋವರ ಗಟ್ಟಿ ಹೆಪ್ಪುಗಟ್ಟಿರುತ್ತದೆ. ಸೆಲ್ಕರ್ಕ್‌ನ ಉತ್ತರಕ್ಕೆ ನೆಟ್ಲಿ ಜೌಗಿನ ಕಡೆ ನದಿ ಸಮತಟ್ಟಾಗಿ, ನಿಧಾನವಾಗಿ, ಅಲ್ಲಲ್ಲಿ ಆಳ ಕಳೆದುಕೊಂಡು ಸಾಗುವುದರಿಂದ ಗಡ್ಡೆಗಳು ಅಲ್ಲಿಯೇ ಬಂದು ನಿಲ್ಲುತ್ತವೆ. 2009ರ ವಸಂತದಲ್ಲಿ ಅಲ್ಲಿ ಕಟ್ಟಿಕೊಂಡ ಗಡ್ಡೆ ಬ್ರೀಜಿ ಪಾಯಿಂಟ್ ಎಂಬ ನದಿದಂಡೆಯ ಮನೆಗಳನ್ನು ಹಾಳುಗೆಡವಿದ್ದನ್ನು ನಿಮ್ಮ ನೆರೆಹೊರೆಯ ಹಿರಿಯರು ಮರೆತಿರಲಾರರು.

ನೀವು ನೋಡಿದ ಯಂತ್ರದ ಹೆಸರು ಆಂಫಿಬೆಕ್ಸ್. ಅದು ಹಡಗಿಗಿಂತ ಹೂಳೆತ್ತುವ ಯಂತ್ರಕ್ಕೆ ಹತ್ತಿರ. ಮುಂದಿನ ಕಬ್ಬಿಣದ ತೋಳನ್ನು ಗಡ್ಡೆಗೆ ಊರಿ, ತನ್ನ ಒಡಲನ್ನು ಎಳೆದುಕೊಂಡು ಗಡ್ಡೆಯ ಮೇಲೆ ಹತ್ತಿ, ಇಪ್ಪತ್ತು ಟನ್ನಿಗೂ ಮೀರಿದ ತೂಕದಿಂದ ಅದನ್ನು ಮುರಿಯುತ್ತದೆ. ನೀರಿಗೆ ಬಿದ್ದರೆ ತೇಲುತ್ತದೆ. ಅದಕ್ಕೂ ಮೊದಲು ಗರಗಸದ ಯಂತ್ರಗಳು ಗಡ್ಡೆಯಲ್ಲಿ ಚೌಕಗಳನ್ನು ಕೊರೆದಿಟ್ಟಿರುತ್ತವೆ. ಇಲ್ಲಿ ಓಡರ್‌ಗೂ ರೆಡ್‌ಗೂ ಇರುವ ಮುಖ್ಯ ವ್ಯತ್ಯಾಸವನ್ನು ಹೇಳಬೇಕು. ಓಡರ್‌ನಲ್ಲಿ ಒಡೆದದ್ದನ್ನು ಕೂಡಲೇ ಸಾಗಿಸುತ್ತಾರೆ. ರೆಡ್‌ನಲ್ಲಿ ಸರೋವರ ಮುಚ್ಚಿರುವುದರಿಂದ ಸಾಗಿಸಲು ಜಾಗವಿಲ್ಲ. ಒಡೆದ ಚೂರುಗಳು ಇದ್ದಲ್ಲಿಯೇ ಉಳಿದು, ಮತ್ತೆ ಅಂಟಿಕೊಂಡರೂ ಮೊದಲಿನಷ್ಟು ಗಟ್ಟಿಯಾಗದೆ, ನೀರು ಏರಿದಾಗ ದೊಡ್ಡ ಹಲಗೆಗಳಾಗದೆ ಚಿಕ್ಕ ಚೂರುಗಳಾಗಿ ಸಡಿಲವಾಗುತ್ತವೆ. ಹಾಗಾಗಿ ಅಲ್ಲಿ ಚಳಿ ಇರುವಾಗಲೇ ಕೆಲಸ ಮಾಡುವುದರಲ್ಲಿ ಅರ್ಥವಿದೆ, ಓಡರ್‌ನಲ್ಲಿ ಇಲ್ಲ. ಒಂದು ನದಿಯ ಪಾಠವನ್ನು ಇನ್ನೊಂದಕ್ಕೆ ಹಾಗೆಯೇ ಹೊಂದಿಸಬಾರದು ಎಂದು ಈ ವಿಷಯ ಬಲ್ಲವರು ಹೇಳುವುದು ಇದಕ್ಕೇ.

ಪ್ರಶ್ನೆ: ಹಡಗು ಸಂಚಾರಕ್ಕಾಗಿ ಒಡೆದ ದಾರಿಯಿಂದ ನೆರೆಯೂ ತಪ್ಪಿತು ಎಂದು ಆಮೇಲೆ ಹೇಳಿಕೊಳ್ಳುತ್ತಿದ್ದಾರೆಯೇ? ನೆರೆ ತಪ್ಪಿಸುವುದೇ ಮೊದಲ ಉದ್ದೇಶವಾಗಿತ್ತೇ? (ಮಂಗಳೂರು)

ಉತ್ತರ: ಸೇಂಟ್ ಲಾರೆನ್ಸ್ ನದಿಯ ಮಟ್ಟಿಗೆ ನೆರೆಯೇ ಮೊದಲಿನದು. 1886ರ ಏಪ್ರಿಲ್‌ನಲ್ಲಿ ಗಡ್ಡೆಯ ಕಟ್ಟೆಯಿಂದ ಮಾಂಟ್ರಿಯಲ್ ನಗರದ ಬೀದಿಗಳಲ್ಲಿ ದೋಣಿ ಓಡಾಡುವಷ್ಟು ನೀರು ತುಂಬಿತ್ತು. 20ನೇ ಶತಮಾನದ ಆರಂಭದಲ್ಲಿ ಕೆನಡಾ ಸರ್ಕಾರ 'ಲೇಡಿ ಗ್ರೇ', 'ಮಾಂಟ್‌ಕಾಮ್' ಮುಂತಾದ ಹಡಗುಗಳನ್ನು ಕ್ವಿಬೆಕ್ ಕಡೆಯಿಂದ ಗಡ್ಡೆ ಒಡೆಯಲು ಬಿಟ್ಟಿತು. ಮಾಂಟ್ರಿಯಲ್ ಬಂದರು ಚಳಿಗಾಲದಲ್ಲಿಯೂ ತೆರೆದಿರುವಂತಾದದ್ದು 1964ರಲ್ಲಿ. ಅಂದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸರಕಿನ ಹಡಗುಗಳ ಒತ್ತಾಯವಿಲ್ಲದೆಯೇ ಈ ಕೆಲಸ ನಡೆದಿತ್ತು. ಅಮೆರಿಕದ ಮೇನ್ ರಾಜ್ಯದ ಕೆನೆಬೆಕ್ ನದಿಯಲ್ಲಿ ಸರಕಿನ ಸಂಚಾರವೆಂಬುದೇ ಇಲ್ಲ. ಆದರೂ ಅಲ್ಲಿನ ಕರಾವಳಿ ಕಾವಲು ಪಡೆಯ 'ಶ್ಯಾಕಲ್', 'ಟ್ಯಾಕಲ್', 'ಬ್ರೈಡಲ್' ಎಂಬ ಸುಮಾರು 20 ಮೀಟರ್ ಉದ್ದದ ಚಿಕ್ಕ ಹಡಗುಗಳು ಮಾರ್ಚ್ ತಿಂಗಳಲ್ಲಿ ಸಮುದ್ರದ ಕಡೆಯಿಂದ ಗಾರ್ಡಿನರ್ ಪಟ್ಟಣದತ್ತ ಒಡೆಯುತ್ತಾ ಏರುತ್ತವೆ.

ಪ್ರಶ್ನೆ: ಈ ಹೆಸರಿನಲ್ಲಿ ನದಿಯನ್ನು ಆಳ ಮಾಡಿ ಹಾಳುಮಾಡುತ್ತಿದ್ದಾರೆ ಎಂದು ಯುರೋಪಿನ ಪರಿಸರವಾದಿಗಳು ಆಕ್ಷೇಪಿಸುತ್ತಾರಂತೆ. ನಿಮ್ಮ ಅಭಿಪ್ರಾಯವೇನು? ಹಡಗು ಇದ್ದರೆ ನೆರೆ ಬರುವುದೇ ಇಲ್ಲವೇ? (ಶಿರಸಿ, ಬೆಂಗಳೂರು)

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಬರುತ್ತದೆ. ಪೋಲೆಂಡಿನ ವಿಸ್ಚುಲಾ ನದಿಗೆ ವ್ವೊತ್ಸ್ವಾವೆಕ್‌ನಲ್ಲಿ 1970ರಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಅದರ ಹಿನ್ನೀರಿನ ತಲೆಭಾಗದಲ್ಲಿ ಹರಿವು ನಿಧಾನವಾಗಿ, ಮೇಲಿನಿಂದ ಬರುವ ಗಡ್ಡೆ ಅಲ್ಲಿ ಶೇಖರವಾಗತೊಡಗಿತು. 1982ರ ಜನವರಿಯಲ್ಲಿ ಪ್ವೊತ್ಸ್ಕ್ ನಗರದ ಸುತ್ತ ಅದು ಭಾರಿ ನೆರೆಯನ್ನು ತಂದಿತು. 2021ರ ಫೆಬ್ರವರಿಯಲ್ಲಿ ಅದೇ ಪ್ವೊತ್ಸ್ಕ್‌ನಲ್ಲಿ ಮತ್ತೆ ನೀರು ಏರಿ ಹಿಮಭಂಜಕಗಳು ಧಾವಿಸಬೇಕಾಯಿತು. ಚಳಿಯಲ್ಲಿ ನೀರಿನೊಳಗೇ ಹುಟ್ಟುವ ಸೂಜಿಯಂಥ ಹರಳುಗಳು ಒಂದಕ್ಕೊಂದು ಅಂಟಿ, ಗಂಜಿಯಂತೆ ದಪ್ಪವಾಗಿ ಹೊದಿಕೆಯ ಕೆಳಗೆ ಸೇರಿಕೊಂಡಾಗ ಹಡಗಿಗೂ ಕಷ್ಟ. ಮುರಿಯಲು ಅದು ಗಟ್ಟಿಯೂ ಅಲ್ಲ, ಹರಿದುಹೋಗಲು ನೀರೂ ಅಲ್ಲ.

ಆಕ್ಷೇಪದ ವಿಷಯ. ಓಡರ್‌ನಲ್ಲಿ ಹಿಮಭಂಜಕಗಳಿಗೆ 1.8 ಮೀಟರ್ ಆಳ ಸಿಗಬೇಕೆಂದು ಪೋಲೆಂಡ್ ದಡದಿಂದ ನದಿಯೊಳಕ್ಕೆ ಚಾಚುವ ಕಲ್ಲಿನ ಒಡ್ಡುಗಳನ್ನು ಹೊಸದಾಗಿ ಕಟ್ಟುವ ಕೆಲಸಕ್ಕೆ ಕೈಹಾಕಿತು. ಇಂಥ ಒಡ್ಡುಗಳು ಹರಿವನ್ನು ನಡುವಿಗೆ ತಳ್ಳಿ, ನದಿಯೇ ತನ್ನ ತಳವನ್ನು ಕೊರೆದುಕೊಳ್ಳುವಂತೆ ಮಾಡುತ್ತವೆ. ಇದು 2015ರಲ್ಲಿ ಎರಡೂ ದೇಶಗಳು ಮಾಡಿಕೊಂಡ ಒಪ್ಪಂದಕ್ಕೆ ಸಂಬಂಧಿಸಿದ ಕೆಲಸ, ವಿಶ್ವಬ್ಯಾಂಕಿನ ಸಾಲವೂ ಇದರಲ್ಲಿ ಸೇರಿದೆ. ಮೀನು ಮೊಟ್ಟೆಯಿಡುವ ತಗ್ಗು ನೀರು ನಾಶವಾಗುತ್ತದೆ, ನೆರೆಬಯಲಿನ ಜೌಗುಗಳು ಒಣಗುತ್ತವೆ, ನೆರೆ ತಡೆಯುವ ಹೆಸರಿನಲ್ಲಿ ಸರಕಿನ ದೋಣಿಗಳಿಗೆ ದಾರಿ ಮಾಡುತ್ತಿದ್ದಾರೆ ಎಂದು ಎರಡೂ ದೇಶಗಳ ಪರಿಸರ ಸಂಘಟನೆಗಳು ನ್ಯಾಯಾಲಯದ ಮೆಟ್ಟಿಲೇರಿವೆ. 2022ರ ಆಗಸ್ಟಿನಲ್ಲಿ ಉಪ್ಪಿನಂಶ ಏರಿದ, ಹರಿವು ಇಳಿದ ನದಿಯಲ್ಲಿ ಬಂಗಾರದ ಬಣ್ಣದ ವಿಷಪಾಚಿ ಹಬ್ಬಿ ನೂರಾರು ಟನ್ ಮೀನು ಸತ್ತ ಮೇಲೆ ಈ ಆತಂಕ ಇನ್ನೂ ಹೆಚ್ಚಿತು.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಓಡರ್‌ಬ್ರುಖ್‌ನಂಥ ತಗ್ಗಿನಲ್ಲಿ ಜನ ವಾಸಿಸುವವರೆಗೆ ಗಡ್ಡೆ ಒಡೆಯುವುದನ್ನು ನಿಲ್ಲಿಸಲಾಗದು. ಒಡ್ಡುಗಳನ್ನು ವಿರೋಧಿಸುವವರ ಪೈಕಿಯೂ ಬಹಳ ಜನ ಅದನ್ನು ನಿಲ್ಲಿಸಿ ಎಂದು ಹೇಳುವುದಿಲ್ಲ. ಆದರೆ ಹಡಗಿಗೆ ಆಳ ಸಾಲದೆಂದು ಇಡೀ ನದಿಯ ರೂಪವನ್ನು ಬದಲಿಸುವ ಮೊದಲು, ಇನ್ನೂ ಕಡಿಮೆ ನೀರಿನಲ್ಲಿ ತೇಲುವ ಹಡಗುಗಳನ್ನು ಕಟ್ಟಬಹುದೇ, ಕುತ್ತಿಗೆಯಂಥ ಸೇತುವೆಗಳನ್ನು ಮಾತ್ರ ಎತ್ತರಿಸಿದರೆ ಸಾಕೇ, ಏರಿಗಳನ್ನು ಕೆಲವೆಡೆ ಹಿಂದಕ್ಕೆ ಸರಿಸಿ ಗಡ್ಡೆಗೂ ನೀರಿಗೂ ಹರಡಿಕೊಳ್ಳಲು ಜಾಗ ಕೊಡಬಹುದೇ ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಬೇಕು. ಕೆನಡಾದವರು ತಗ್ಗು ನೀರಿಗೆ ಹೋವರ್‌ಕ್ರಾಫ್ಟ್ ತಂದರೇ ಹೊರತು ತಗ್ಗು ನದಿಗಳನ್ನೆಲ್ಲ ಆಳ ಮಾಡಲು ಹೊರಡಲಿಲ್ಲ.

ಪ್ರಶ್ನೆ: ಭೂಮಿ ಬಿಸಿಯಾಗುತ್ತಿರುವಾಗ ಇನ್ನು ಕೆಲವು ವರ್ಷಗಳಲ್ಲಿ ಈ ಹಡಗುಗಳಿಗೆ ಕೆಲಸವೇ ಇರಲಾರದಲ್ಲವೇ? (ಹಾಸನ)

ಉತ್ತರ: ಉತ್ತರದ ಅನೇಕ ನದಿಗಳಲ್ಲಿ ಗಡ್ಡೆ ಕಟ್ಟುವ ದಿನಗಳು ಕಡಿಮೆಯಾಗಿರುವುದು ನಿಜ, ಓಡರ್‌ನಲ್ಲಿಯೂ ಹಡಗುಗಳು ಬಂದರಿನಿಂದ ಹೊರಡದ ಚಳಿಗಾಲಗಳು ಬರುತ್ತಿವೆ. ಆದರೆ ಚಳಿಗಾಲದ ನಡುವೆ ಎರಡು ಮೂರು ದಿನ ಬೆಚ್ಚಗಾಗಿ ಮಳೆ ಸುರಿದು, ಗಡ್ಡೆ ಅಕಾಲದಲ್ಲಿ ಒಡೆದು, ಒಂದೆಡೆ ಕಟ್ಟಿಕೊಂಡು, ಮತ್ತೆ ಬಂದ ಚಳಿಗೆ ಆ ಕಟ್ಟೆ ಹಾಗೆಯೇ ಹೆಪ್ಪುಗಟ್ಟುವುದನ್ನು ಕೆನಡಾದ ನದಿಗಳಲ್ಲಿ ಕಾಣುತ್ತಿದ್ದಾರೆ. ವಸಂತಕ್ಕೆಂದು ಮಾರ್ಚ್ ತಿಂಗಳಲ್ಲಿ ಸಿದ್ಧವಾಗುತ್ತಿದ್ದ ಸಿಬ್ಬಂದಿ ಇನ್ನು ಜನವರಿಯಲ್ಲಿಯೂ ಸಿದ್ಧವಾಗಿರಬೇಕಾಗುತ್ತದೆ. 1982ರ ಪ್ವೊತ್ಸ್ಕ್ ನೆರೆ ಬಂದದ್ದೂ ಜನವರಿಯಲ್ಲಿಯೇ.